ಜ್ವರಗಡ್ಡೆಯಿಂದ ರಕ್ತದ ಹನಿಯವರೆಗೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದೊಡನೆ ಇಂದಿನ ಓದುಗರಿಗೆ ಅಡಿಕೆಯ ತೋಟ, ಯಾಲಕ್ಕಿಯ ಕಂಪು, ಮಾರಿಕಾಂಬೆಯ ಜಾತ್ರೆ, ಮಾಗೋಡಿನ ಜಲಪಾತ ಇವು ನೆನಪಾಗುತ್ತವೆ. ಎಂಬತ್ತು ವರ್ಷಗಳ ಹಿಂದೆ ಧಾರವಾಡದ ಕಚೇರಿಯಲ್ಲಿ ಕುಳಿತ ಒಬ್ಬ ಗುಮಾಸ್ತನ ಮುಂದೆ ಇವೇ ಹೆಸರುಗಳನ್ನು ಹೇಳಿದ್ದರೆ ಅವನಿಗೆ ಮೊದಲು ನೆನಪಾಗುತ್ತಿದ್ದುದು ಚಳಿಜ್ವರ. ಆ ಕಡೆಗೆ ವರ್ಗವಾಯಿತೆಂದರೆ ಮನೆಯ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರೆಂದು ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ.

ಆ ಹಳೆಯ ಜ್ವರದ ಕತೆಯನ್ನು ಈಗ ಕೆದಕುವುದಕ್ಕೆ ಒಂದು ಕಾರಣವಿದೆ. ಎಚ್.ಐ.ವಿ. ಸೋಂಕುಳ್ಳವರಲ್ಲಿ ಕ್ಷಯರೋಗವನ್ನು ಬೇಗನೆ ಪತ್ತೆ ಹಚ್ಚುವುದಕ್ಕೆ ರಕ್ತದಲ್ಲಿನ ಒಂದು ಪ್ರೋಟೀನನ್ನು ಅಳೆದು ನೋಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿತು. ಬೆರಳ ತುದಿಯಿಂದ ಒಂದು ಹನಿ ರಕ್ತ, ಕೆಲವೇ ನಿಮಿಷಗಳ ಕಾಯುವಿಕೆ, ಕೊನೆಗೆ ಒಂದು ಅಂಕೆ. ಆ ಅಂಕೆ ಕ್ಷಯವಿದೆಯೆಂದು ಹೇಳುವುದಿಲ್ಲ. ಇವರನ್ನು ಇನ್ನಷ್ಟು ಪರೀಕ್ಷಿಸಿರಿ ಎಂದಷ್ಟೇ ಹೇಳುತ್ತದೆ. ರೋಗದ ಹೆಸರು ಹೇಳದೆ ರೋಗವಿರುವ ಕಡೆಗೆ ಬೆರಳು ತೋರಿಸುವ ಇಂಥದೊಂದು ಗುರುತನ್ನು ವೈದ್ಯರು ನಮ್ಮ ಈ ಮೂರು ತಾಲೂಕುಗಳಲ್ಲಿ ಹಿಂದೆಯೇ ಬಳಸಿದ್ದರು. ಅದರಿಂದ ಏನಾಯಿತು ಎಂಬುದನ್ನು ನೋಡಿದರೆ, ಈ ಹೊಸ ಪರೀಕ್ಷೆಯಿಂದ ಎಷ್ಟನ್ನು ನಿರೀಕ್ಷಿಸಬಹುದು, ಎಷ್ಟನ್ನು ನಿರೀಕ್ಷಿಸಬಾರದು ಎಂಬುದು ತಿಳಿದೀತು.

ಕಾನಡಾ ಜಿಲ್ಲೆಯ ಉತ್ತರಭಾಗವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮುಂಬಯಿಯ ಕೈಕೆಳಗೇ ಇತ್ತು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ 15ನೆಯ ಸಂಪುಟ, 1883ರಲ್ಲಿ ಹೊರಬಂದದ್ದು, ಪೂರ್ತಿಯಾಗಿ ಈ ಜಿಲ್ಲೆಗೇ ಮೀಸಲು. ಘಟ್ಟದ ಮೇಲಿನ ಕಾಡುಸೀಮೆಯ ಜ್ವರದ ಮಾತು ಆ ಕಾಲದ ಸರಕಾರಿ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಜ್ವರದ ಕಾರಣ ಸುಲಭವಾಗಿ ತಿಳಿಯುತ್ತದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಅಡಿಕೆಯ ತೋಟ. ಸೊಪ್ಪಿಗೆ ಮೇಲೆ ಬೆಟ್ಟ. ತೋಟದ ಮಗ್ಗುಲಲ್ಲಿ ವರ್ಷವಿಡೀ ಹರಿಯುವ ಸಣ್ಣ ಹಳ್ಳ. ತೋಟದ ತಲೆಯ ಮೇಲೆಯೇ ಮನೆ. ಮಳೆಗಾಲ ಮುಗಿದು ಹಳ್ಳದ ರಭಸ ಇಳಿದ ಮೇಲೆ ಹುಲ್ಲಿನ ಅಂಚಿನಲ್ಲಿ ತಿಳಿನೀರು ಮೆಲ್ಲಗೆ ಸರಿಯುತ್ತದೆ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಗೆ ಬೇಕಾದುದು ಇಂಥ ನೀರೇ. ಕೊಳೆತ ನೀರಿನಲ್ಲಿ ಹುಟ್ಟುವ ಸೊಳ್ಳೆ ಇದಲ್ಲ. ತೋಟವನ್ನು ತಂಪಾಗಿಟ್ಟ ನೀರೇ ತೋಟದವನ ಮೈಯನ್ನು ಸುಡುತ್ತಿತ್ತು. ನೀರನ್ನು ಬಿಟ್ಟು ತೋಟವಿಲ್ಲ, ತೋಟವನ್ನು ಬಿಟ್ಟು ಬದುಕಿಲ್ಲ.

1901ರಿಂದ 1921ರವರೆಗಿನ ಜನಗಣತಿಗಳಲ್ಲಿ ಈ ಜಿಲ್ಲೆಯ ಜನಸಂಖ್ಯೆ ಬೆಳೆಯುವುದರ ಬದಲು ಇಳಿಯಿತು. ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವುಗಳ ಪಾಲೂ ಅದರಲ್ಲಿದೆ. ಆದರೆ ಪ್ಲೇಗು ಬಂದು ಹೋಗುವ ಅತಿಥಿ. ಚಳಿಜ್ವರ ಮನೆಯಲ್ಲೇ ಉಳಿದ ದಾಯಾದಿ. ಅದು ಒಮ್ಮೆಗೇ ಕೊಲ್ಲುತ್ತಿರಲಿಲ್ಲ. ಬಸುರಿಯ ರಕ್ತವನ್ನು ಹೀರುತ್ತಿತ್ತು, ಮಗುವಿನ ಬೆಳವಣಿಗೆಯನ್ನು ತಡೆಯುತ್ತಿತ್ತು, ಸುಗ್ಗಿಯ ಕಾಲಕ್ಕೆ ಸರಿಯಾಗಿ ದುಡಿಯುವವನನ್ನು ಕಂಬಳಿಯೊಳಗೆ ಮಲಗಿಸುತ್ತಿತ್ತು.

ಹೀಗೆ ಜ್ವರದೊಡನೆ ಬಾಳಿದ ಮಕ್ಕಳ ಎಡಪಕ್ಕೆಯ ಕೆಳಗೆ ಒಂದು ಗಡ್ಡೆ ಕೈಗೆ ತಗಲುತ್ತಿತ್ತು. ಜನರು ಅದನ್ನು ಜ್ವರಗಡ್ಡೆ ಎಂದರು. ಗಡ್ಡೆಯೆಂಬುದು ಬೇರೇನೂ ಅಲ್ಲ, ಊದಿಕೊಂಡ ಗುಲ್ಮ. ರಕ್ತದಲ್ಲಿ ಹಾಳಾದ ಕಣಗಳನ್ನು ಸೋಸುವ ಅಂಗ ಅದು. ಮಲೇರಿಯಾದ ಅಣುಜೀವಿಗಳು ರಕ್ತಕಣಗಳನ್ನು ಮತ್ತೆ ಮತ್ತೆ ಒಡೆಯುತ್ತಿದ್ದರೆ ಸೋಸುವ ಕೆಲಸ ಹೆಚ್ಚಾಗಿ ಗುಲ್ಮ ಹಿಗ್ಗುತ್ತದೆ.

ಈ ಗಡ್ಡೆಯನ್ನು ಎಣಿಸಿದರೆ ಊರಿನ ರೋಗವನ್ನು ಅಳೆಯಬಹುದೆಂಬ ಯೋಚನೆ ಮೊದಲು ಹೊಳೆದದ್ದು ನಮ್ಮ ದೇಶದಲ್ಲಿಯೇ. 1840ರ ದಶಕದಲ್ಲಿ ಉತ್ತರ ಹಿಂದೂಸ್ತಾನದ ಕಾಲುವೆಗಳ ದಂಡೆಯ ಹಳ್ಳಿಗಳಲ್ಲಿ ಜ್ವರ ಹೆಚ್ಚಾಯಿತೇ ಎಂಬ ವಿಚಾರಣೆ ನಡೆದಾಗ ಡೆಂಪ್‌ಸ್ಟರ್ ಎಂಬ ವೈದ್ಯನು ಊರೂರಿಗೆ ಹೋಗಿ ಜನರ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದನು. ನೂರರಲ್ಲಿ ಎಷ್ಟು ಜನಕ್ಕೆ ಗುಲ್ಮ ಬೆಳೆದಿದೆ ಎಂಬುದೇ ಆ ಊರಿನ ಗುಲ್ಮಾಂಕ. ಆಗ ಮಲೇರಿಯಾಕ್ಕೆ ಕಾರಣವೇನೆಂಬುದು ಪ್ರಪಂಚದಲ್ಲಿ ಯಾರಿಗೂ ತಿಳಿದಿರಲಿಲ್ಲ. ಲಾವರಾನ್ ರೋಗಿಯ ರಕ್ತದಲ್ಲಿ ಅಣುಜೀವಿಯನ್ನು ಕಂಡದ್ದು 1880ರಲ್ಲಿ, ಆಲ್ಜೀರಿಯಾದಲ್ಲಿ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದನ್ನು ಕಂಡದ್ದು 1897ರ ಆಗಸ್ಟ್ 20ರಂದು. ಕಾರಣ ತಿಳಿಯುವುದಕ್ಕೆ ಮೂವತ್ತು ನಾಲ್ವತ್ತು ವರ್ಷ ಮೊದಲೇ ಕಾರಣವಿರುವ ಜಾಗವನ್ನು ಗುರುತಿಸುವ ಉಪಾಯ ಸಿಕ್ಕಿತ್ತು. ಅದಕ್ಕೆ ಬೇಕಾದುದು ಒಂದು ಬರಿಗೈ.

ಗುಲ್ಮಾಂಕಕ್ಕೆ ದೋಷಗಳಿಲ್ಲದಿಲ್ಲ. ಕಾಲಾ ಅಜಾರಿನಂಥ ಬೇರೆ ರೋಗಗಳಲ್ಲೂ ಗುಲ್ಮ ಬೆಳೆಯುತ್ತದೆ. ಜ್ವರ ಬಿಟ್ಟ ಮೇಲೂ ಎಷ್ಟೋ ಕಾಲ ಗಡ್ಡೆ ಉಳಿದಿರುತ್ತದೆ. ಅದಕ್ಕಾಗಿಯೇ ಮುಂದೆ ಮಲೇರಿಯಾ ತಜ್ಞರು ಎರಡನ್ನೂ ಕೂಡಿಸಿದರು: ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗುಲ್ಮವನ್ನು ಮುಟ್ಟಿ ನೋಡುವುದು, ಬೆರಳನ್ನು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹುಟ್ಟಿ ವರ್ಷ ತುಂಬದ ಕೂಸಿನ ರಕ್ತದಲ್ಲಿ ಅಣುಜೀವಿ ಸಿಕ್ಕಿದರೆ ಈ ವರ್ಷವೇ ರೋಗ ಹರಡಿದೆಯೆಂದು ಅರ್ಥ. ಗಡ್ಡೆ ಹಳೆಯ ಕತೆಯನ್ನು ಹೇಳುತ್ತಿತ್ತು, ಕೂಸಿನ ರಕ್ತ ಹೊಸದನ್ನು ಹೇಳುತ್ತಿತ್ತು.

ಮುಂಬಯಿ ಪ್ರಾಂತದ ಮಲೇರಿಯಾ ಕಾರ್ಯದ ಮುಂದಾಳಾಗಿದ್ದ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಅವರ ಜೊತೆಗಾರ ಕೀಟತಜ್ಞ ಟಿ. ರಾಮಚಂದ್ರರಾಯರು ಈ ಎರಡು ಅಳತೆಗೋಲುಗಳನ್ನು ಹಿಡಿದು ಕಾನಡಾ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ದುಡಿದರು. ಯುದ್ಧ ಮುಗಿದೊಡನೆ ಅವರ ಕೈಗೆ ಹೊಸ ಆಯುಧವೊಂದು ಬಂದಿತು. ಸ್ವಿಸ್ ರಸಾಯನತಜ್ಞ ಪಾಲ್ ಮುಲ್ಲರ್ 1939ರಲ್ಲಿ ಕೀಟಗಳನ್ನು ಕೊಲ್ಲುವ ಅದರ ಗುಣವನ್ನು ಕಂಡುಹಿಡಿದಿದ್ದ ಡಿ.ಡಿ.ಟಿ. ಅದು. ಮನೆಯೊಳಗಿನ ಗೋಡೆಗೆ ಅದನ್ನು ಎರಚಿದರೆ ತಿಂಗಳುಗಟ್ಟಲೆ ಅದರ ಬಲ ಉಳಿಯುತ್ತದೆ. ಮನುಷ್ಯನನ್ನು ಕಚ್ಚಿ ಗೋಡೆಯ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ. ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಎರಚಿದ ಮೊದಲ ವರ್ಷದ ಫಲಿತಾಂಶವನ್ನು ಅವರಿಬ್ಬರೂ 1947ರಲ್ಲಿ ಪ್ರಕಟಿಸಿದರು, ಎರಡನೆಯ ವರ್ಷದ್ದನ್ನು 1948ರಲ್ಲಿ. ಹಳ್ಳಿಗಾಡಿನ ಮಲೇರಿಯಾವನ್ನು ದೊಡ್ಡ ಪ್ರಮಾಣದಲ್ಲಿ ಅಡಗಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟ ಮೊದಲ ಪ್ರಯೋಗಗಳಲ್ಲಿ ಇದೊಂದು. ಸ್ವತಂತ್ರ ಭಾರತವು 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದಾಗ ಅದರ ಹಿಂದೆ ಇಂಥ ಅನುಭವವೇ ಇತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜ್ವರಗಡ್ಡೆಯನ್ನು ಮುಟ್ಟಿ ನೋಡಿದ್ದರಿಂದ ಯಾವ ಮಗುವಿಗೂ ಗುಣವಾಗಲಿಲ್ಲ. ಗುಲ್ಮಾಂಕವನ್ನು ಬರೆದಿಟ್ಟ ಪುಸ್ತಕಗಳು ಡೆಂಪ್‌ಸ್ಟರನ ಕಾಲದಿಂದ ನೂರು ವರ್ಷ ಕಚೇರಿಗಳಲ್ಲಿ ತುಂಬಿಕೊಂಡವು. ಅಂಕೆಯ ಹಿಂದೆ ಎರಚುವ ಪಂಪು ಹೊತ್ತ ಆಳು ಹಳ್ಳಿಯ ದಾರಿ ಹಿಡಿದ ದಿನ ಆ ಅಂಕೆಗೆ ಅರ್ಥ ಬಂದಿತು.

ಇದರ ಇನ್ನೊಂದು ಮಗ್ಗುಲೂ ಇದೆ. 1958ರಲ್ಲಿ ನಿಯಂತ್ರಣ ಕಾರ್ಯಕ್ರಮವು ನಿರ್ಮೂಲನ ಕಾರ್ಯಕ್ರಮವಾಯಿತು. ಕಾರ್ಯಕರ್ತನು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ ಬಂದವರುಂಟೇ ಎಂದು ಕೇಳಿ, ರಕ್ತ ತೆಗೆದು, ಮಾತ್ರೆ ಕೊಟ್ಟು, ಗೋಡೆಯ ಮೇಲೆ ಗುರುತು ಹಾಕಿ ಹೋಗುತ್ತಿದ್ದನು. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 1960ರ ದಶಕದ ನಡುವಿನ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆಮೇಲೆ ಗಾಜಿನ ಪಟ್ಟಿಗಳು ಪ್ರಯೋಗಾಲಯದಲ್ಲಿ ರಾಶಿ ಬಿದ್ದವು, ಎರಚುವ ಕೆಲಸ ಹಿಂದುಳಿಯಿತು, ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡವು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷಕ್ಕೆ ಏರಿತು. ಕಾಯಿಲೆಯವನ ರಕ್ತ ಒಂದು ಕಡೆ, ಅದರ ಫಲಿತಾಂಶ ಇನ್ನೊಂದು ಕಡೆ ಉಳಿದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಿದ್ದಾಪುರದ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಹೊಸ ವೈರಸ್ ಒಂದು ಬೆಳಕಿಗೆ ಬಂದಿತು. ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ ಅದು. ಕಾನಡಾದ ಸೊಳ್ಳೆಗಳನ್ನು ಅರಿತಿದ್ದ ರಾಮಚಂದ್ರರಾಯರೇ ಮುಂದೆ ಪುಣೆಯ ವೈರಸ್ ಸಂಶೋಧನ ಕೇಂದ್ರದ ನಿರ್ದೇಶಕರಾದರು. 2024ರಲ್ಲಿ ಸಿದ್ದಾಪುರ ತಾಲೂಕಿನ ಜನ ಈ ಕಾಯಿಲೆಯಿಂದ ಬಹಳ ನೊಂದರು. ಕಾಯಿಲೆಯ ಮೊದಲ ದಿನಗಳಲ್ಲಿ ಅದು ಯಾವ ಜ್ವರವೆಂದು ಮುಖ ನೋಡಿ ಹೇಳುವಂತಿಲ್ಲ. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿ ಉತ್ತರ ಬರಬೇಕು. ಘಟ್ಟದ ಮೇಲಿನವರಿಗೆ ರಕ್ತಪರೀಕ್ಷೆಯೆಂದರೆ ದಾರಿಯ ದೂರವೂ ಹೌದು.

ಇನ್ನು ಕ್ಷಯದ ಮಾತಿಗೆ ಬರುತ್ತೇನೆ. ರಾಬರ್ಟ್ ಕೋಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯದ ಅಣುಜೀವಿಯನ್ನು ಕಂಡುಹಿಡಿದ ಸುದ್ದಿಯನ್ನು ಸಾರಿದನು. ಅಂದಿನಿಂದ ಅದನ್ನು ಹುಡುಕುವ ಮುಖ್ಯ ಜಾಗ ರೋಗಿಯ ಕಫ. ಕಫವನ್ನು ಬಣ್ಣದಿಂದ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕೆಂಪು ಕಡ್ಡಿಗಳಂಥ ಜೀವಿಗಳು ಕಾಣುತ್ತವೆ. ಔಷಧವಿಲ್ಲದ ಆ ಕಾಲದಲ್ಲಿ ಒಳ್ಳೆಯ ಗಾಳಿ, ಹಾಲು, ವಿಶ್ರಾಂತಿ ಇವೇ ಚಿಕಿತ್ಸೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ಬಲಿಯಾದ ನೆನಪಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೊಂದು ತೆರೆಯಿತು. ಅರಮನೆಗೂ ಗುಡಿಸಲಿಗೂ ಕ್ಷಯ ಭೇದ ಮಾಡಲಿಲ್ಲ. ಆರೋಗ್ಯಧಾಮದ ಮಂಚಗಳಾದರೋ ಎಣಿಕೆಯವು.

1955ರಿಂದ 1958ರವರೆಗೆ ದೇಶದಲ್ಲಿ ನಡೆದ ಕ್ಷಯರೋಗದ ಸಮೀಕ್ಷೆಯು ರೋಗವು ಪಟ್ಟಣಗಳಲ್ಲಿರುವಷ್ಟೇ ಹಳ್ಳಿಗಳಲ್ಲೂ ಇದೆಯೆಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆ ಸಂಸ್ಥೆಯ ದೇಬಬರ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಇಬ್ಬರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಕನ್ನಡ ನಾಡಿನ ವೈದ್ಯಚರಿತ್ರೆಯ ಬಹು ಮುಖ್ಯ ಘಟನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ರೋಗವನ್ನು ಬಚ್ಚಿಡುತ್ತಾರೆ, ಆದ್ದರಿಂದ ಎಕ್ಸ್-ರೇ ಬಂಡಿಯನ್ನು ಊರೂರಿಗೆ ಕೊಂಡೊಯ್ಯಬೇಕೆಂಬುದು ಅಲ್ಲಿಯವರೆಗಿನ ನಂಬಿಕೆ. ಇವರು ರೋಗಿಗಳ ಮನೆಗೆ ಹೋಗಿ ಕೇಳಿದರು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಕೆಮ್ಮು ಜ್ವರಗಳ ಅರಿವು ಚೆನ್ನಾಗಿಯೇ ಇತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧದ ಸೀಸೆ ಹಿಡಿದು ಮನೆಗೆ ಮರಳಿದ್ದರು! ರೋಗಿ ವೈದ್ಯನ ಬಾಗಿಲಿಗೆ ಬಂದಿದ್ದನು, ಕಫವನ್ನು ನೋಡುವವರಿರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲೇ ಕಫಪರೀಕ್ಷೆ, ಮನೆಯಲ್ಲೇ ಚಿಕಿತ್ಸೆ ಎಂಬ ನೀತಿಯ ಮೇಲೆ 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಸಂಸ್ಥೆಯ ಕೆಲಸವೇ ಅಡಿಗಲ್ಲಾಯಿತು.

ಕಫವನ್ನು ನೋಡಿದರೆ ಸಾಕೆಂಬ ಈ ನಂಬಿಕೆಗೆ ಪೆಟ್ಟು ಕೊಟ್ಟದ್ದು ಎಚ್.ಐ.ವಿ. ಅಮೆರಿಕೆಯಲ್ಲಿ 1981ರಲ್ಲಿ ಏಡ್ಸ್ ಮೊದಲು ವರದಿಯಾಯಿತು. ಭಾರತದಲ್ಲಿ 1986ರಲ್ಲಿ ಮದ್ರಾಸಿನ ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದರ ಸೋಂಕನ್ನು ಮೊದಲಿಗೆ ಪತ್ತೆ ಮಾಡಿದರು. ಮುಂದಿನ ವರ್ಷಗಳಲ್ಲಿ ದೇಶದ ಹೆಚ್ಚು ಸೋಂಕಿನ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಸೇರಿತು. ಎಚ್.ಐ.ವಿ. ಉಳ್ಳವರನ್ನು ಕೊಲ್ಲುವ ಕಾಯಿಲೆಗಳಲ್ಲಿ ಕ್ಷಯವೇ ಮೊದಲನೆಯದು.

ಇದರ ಕಾರಣ ತಿಳಿಯಬೇಕಾದರೆ ಕ್ಷಯವು ಪುಪ್ಪುಸವನ್ನು ಹೇಗೆ ಕೆಡಿಸುತ್ತದೆಂಬುದನ್ನು ನೋಡಬೇಕು. ಸಾಧಾರಣ ರೋಗಿಯಲ್ಲಿ ಅಣುಜೀವಿಯ ವಿರುದ್ಧ ದೇಹ ಬಲವಾಗಿ ಹೋರಾಡುತ್ತದೆ. ಆ ಹೋರಾಟದಲ್ಲಿಯೇ ಪುಪ್ಪುಸದಲ್ಲಿ ಗುಳಿ ಬೀಳುತ್ತದೆ. ಗುಳಿಯಿಂದ ಕೋಟಿಗಟ್ಟಲೆ ಅಣುಜೀವಿಗಳು ಕಫದೊಡನೆ ಹೊರಬರುತ್ತವೆ. ಎಚ್.ಐ.ವಿ.ಯಿಂದ ದೇಹದ ಕಾವಲು ಸೋತವರಲ್ಲಿ ಹೋರಾಟವೇ ಮಂದ. ಗುಳಿ ಬೀಳುವುದು ಕಡಿಮೆ, ಕಫದಲ್ಲಿ ಜೀವಿಗಳೂ ಕಡಿಮೆ. ರೋಗವು ಗ್ರಂಥಿಗಳಿಗೆ, ಮಿದುಳಿನ ಪೊರೆಗೆ, ಮೈಯ ಬೇರೆ ಭಾಗಗಳಿಗೆ ಹರಡಿದರೂ ಕಫ ಶುದ್ಧವೆಂದು ವರದಿ ಬರುತ್ತದೆ. ಎಕ್ಸ್-ರೇಯಲ್ಲೂ ಸ್ಪಷ್ಟವಾಗಿ ಕಾಣದೆ ಹೋಗಬಹುದು. ರೋಗಿ ದುರ್ಬಲನಾದಷ್ಟೂ ರೋಗ ಚೆನ್ನಾಗಿ ಅಡಗುತ್ತದೆ. ಕಳ್ಳನು ಹೆಜ್ಜೆಯ ಗುರುತನ್ನೂ ಒರೆಸಿಕೊಂಡು ನಡೆದಂತೆ.

ಕೆಮ್ಮು, ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು: ಈ ನಾಲ್ಕರಲ್ಲಿ ಒಂದಾದರೂ ಇದೆಯೇ ಎಂದು ಎಚ್.ಐ.ವಿ. ಉಳ್ಳ ಪ್ರತಿಯೊಬ್ಬರನ್ನೂ ಪ್ರತಿ ಭೇಟಿಯಲ್ಲೂ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ವಿಧಿಸಿತು. ಒಳ್ಳೆಯ ಕ್ರಮವೇ. ಆದರೆ ಚಿಕಿತ್ಸೆ ಇನ್ನೂ ಆರಂಭವಾಗದವರಲ್ಲಿ ಬಹುಮಂದಿಗೆ ಈ ನಾಲ್ಕರಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಅವರೆಲ್ಲರಿಗೂ ದುಬಾರಿ ಪರೀಕ್ಷೆ ಮಾಡಬೇಕಾದೀತು. ಚಿಕಿತ್ಸೆಯಲ್ಲಿರುವವರಲ್ಲಿ ಕೆಲವರಿಗೆ ಕ್ಷಯವಿದ್ದರೂ ಯಾವ ಲಕ್ಷಣವೂ ಇರುವುದಿಲ್ಲ.

ಹಾಗಾದರೆ ರಕ್ತವನ್ನೇ ಕೇಳಬಾರದೇಕೆ? ಈ ಆಸೆ ಹಳೆಯದು. ಫ್ರಾನ್ಸಿನ ಆರ್ಲ್ವಾನ್ 1898ರಲ್ಲಿಯೇ ರಕ್ತದ್ರವದಿಂದ ಕ್ಷಯವನ್ನು ಗುರುತಿಸಲು ಯತ್ನಿಸಿದ್ದನು. ಮುಂದೆ ನೂರು ವರ್ಷ ಇದೇ ಯತ್ನ ಬಗೆಬಗೆಯಾಗಿ ಸಾಗಿತು. ಅಣುಜೀವಿಯ ವಿರುದ್ಧ ದೇಹವು ಹುಟ್ಟಿಸಿದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗಳು ನಮ್ಮ ಪೇಟೆಗಳ ಖಾಸಗಿ ಪ್ರಯೋಗಾಲಯಗಳಲ್ಲಿ ವರ್ಷಾನುಗಟ್ಟಲೆ ಧಾರಾಳವಾಗಿ ನಡೆದವು. ನಮ್ಮ ದೇಶದಲ್ಲಿ ಕ್ಷಯದ ಅಣುಜೀವಿ ಬಹುಜನರ ಮೈಯೊಳಗೆ ರೋಗವುಂಟುಮಾಡದೆ ಮಲಗಿರುತ್ತದೆ. ಹೀಗಿರಲು ಪ್ರತಿಕಾಯ ಕಂಡಿತೆಂದು ರೋಗವಿದೆ ಎನ್ನಲಾಗದು, ಎಚ್.ಐ.ವಿ. ಉಳ್ಳವರಲ್ಲಿ ಪ್ರತಿಕಾಯ ಕಾಣಲಿಲ್ಲವೆಂದು ರೋಗವಿಲ್ಲ ಎನ್ನಲೂ ಆಗದು. ರೋಗವಿಲ್ಲದವರು ತಿಂಗಳುಗಟ್ಟಲೆ ಔಷಧ ನುಂಗಿದರು, ರೋಗವಿದ್ದವರು ಸುಮ್ಮನೆ ಮನೆಗೆ ಹೋದರು. ಈ ಪರೀಕ್ಷೆಗಳನ್ನು ಬಳಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೇಳಿತು. 2012ರ ಜೂನಿನಲ್ಲಿ ಭಾರತ ಸರಕಾರವು ಅವನ್ನು ನಿಷೇಧಿಸಿತು. ರೋಗದ ಹೆಸರನ್ನು ಖಂಡಿತವಾಗಿ ಹೇಳುತ್ತೇನೆಂದ ಪರೀಕ್ಷೆ ಸುಳ್ಳಾಯಿತು.

ಈಗ ಬಂದಿರುವ ಸಿ.ಆರ್.ಪಿ. ಅಂಥ ಹೆಮ್ಮೆಯ ಮಾತನ್ನು ಆಡುವುದಿಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದಾಗ ಕಂಡ ವಸ್ತು ಅದು. ನ್ಯುಮೋನಿಯಾದ ಅಣುಜೀವಿಯಿಂದ ತೆಗೆದ 'ಸಿ' ಎಂಬ ಅಂಶದೊಡನೆ ಅದು ಕೂಡಿಕೊಳ್ಳುತ್ತಿದ್ದುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ಬಂದಿತು. ಮೈಯಲ್ಲಿ ಎಲ್ಲಿಯಾದರೂ ಉರಿಯೂತ ಎದ್ದರೆ ಯಕೃತ್ತು ಕೆಲವು ಗಂಟೆಗಳೊಳಗೆ ಅದನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉರಿ ಆರಿದರೆ ಅದೂ ಬೇಗನೆ ಇಳಿಯುತ್ತದೆ. ಲೀಟರ್ ರಕ್ತದ್ರವಕ್ಕೆ 5 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಎಚ್.ಐ.ವಿ. ಉಳ್ಳವರನ್ನು ಕ್ಷಯಕ್ಕಾಗಿ ಮುಂದಿನ ಪರೀಕ್ಷೆಗೆ ಒಳಪಡಿಸಬೇಕೆಂಬುದು 2021ರ ಮಾರ್ಗಸೂಚಿ. ನಾಲ್ಕು ಪ್ರಶ್ನೆಗಳಷ್ಟೇ ರೋಗಿಗಳನ್ನು ಇದೂ ಹಿಡಿಯುತ್ತದೆ. ಚಿಕಿತ್ಸೆ ಆರಂಭಿಸದವರಲ್ಲಿ ರೋಗವಿಲ್ಲದವರನ್ನು ಸುಮ್ಮಸುಮ್ಮನೆ ಹಿಡಿದು ನಿಲ್ಲಿಸುವುದು ಅದಕ್ಕಿಂತ ಕಡಿಮೆ.

ನಮ್ಮ ಸೀಮೆಯ ಹೋಲಿಕೆಯಿಂದಲೇ ಇದನ್ನು ಹೇಳಬಹುದು. ಕೊಯ್ಲಿನ ಕಾಲದಲ್ಲಿ ಕಣಿವೆಯಲ್ಲಿ ಹೊಗೆ ಏಳುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆಯೋ, ತರಗು ಸುಟ್ಟ ಹೊಗೆಯೋ, ಕಾಡಿಗೆ ಬೆಂಕಿ ಬಿದ್ದದ್ದೋ ದೂರದಿಂದ ತಿಳಿಯದು. ಯಾರಾದರೂ ಹೋಗಿ ನೋಡಿ ಬರಬೇಕು. ಸಿ.ಆರ್.ಪಿ. ಇಂಥ ಹೊಗೆ. ನೆಗಡಿಯಲ್ಲಿ, ಹಲ್ಲಿನ ಕೀವಿನಲ್ಲಿ, ಕೀಲುನೋವಿನಲ್ಲಿಯೂ ಅದು ಏರಬಹುದು. ಉದಾಹರಣೆಗೆ ನೂರು ಜನರಿದ್ದಾರೆನ್ನೋಣ. ಅವರಲ್ಲಿ ಐವರಿಗೆ ಕ್ಷಯವಿದೆಯೆನ್ನೋಣ. ಮೂವತ್ತು ಜನರಲ್ಲಿ ಸಿ.ಆರ್.ಪಿ. ಹೆಚ್ಚಾಗಿ ಕಂಡು, ಆ ಮೂವತ್ತರೊಳಗೆ ಐವರಲ್ಲಿ ನಾಲ್ವರು ಸೇರಿದ್ದರೆ, ನೂರು ದುಬಾರಿ ಪರೀಕ್ಷೆಯ ಬದಲು ಮೂವತ್ತರಲ್ಲಿ ಕೆಲಸ ಆಯಿತು. ಇಪ್ಪತ್ತಾರು ಜನರಿಗೆ ಕ್ಷಯವಿಲ್ಲ, ತಪ್ಪಿಹೋದವನು ಒಬ್ಬ. ಆ ಒಬ್ಬನನ್ನು ಮರೆಯದಿರುವುದಕ್ಕೆ ಪ್ರಶ್ನೆಗಳೂ ವೈದ್ಯರ ಕಣ್ಣೂ ಬೇಕೇ ಬೇಕು.

ಹೊಗೆಯ ಹಿಂದೆ ಹೋಗಿ ನೋಡುವ ಸಾಧನ ಈಗ ನಮ್ಮಲ್ಲಿ ಚೆನ್ನಾಗಿದೆ. ಕ್ಷಯಾಣುವಿನ ಜೀನನ್ನೇ ಹುಡುಕುವ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಒಪ್ಪಿತು. ನಮ್ಮ ನೆರೆಯ ಗೋವೆಯ ಕಂಪನಿಯೊಂದು ತಯಾರಿಸಿದ, ಬ್ಯಾಟರಿಯ ಮೇಲೂ ನಡೆಯುವ ಟ್ರೂನ್ಯಾಟ್ ಯಂತ್ರಕ್ಕೆ 2020ರಲ್ಲಿ ಅಂಥದೇ ಮನ್ನಣೆ ಬಂದಿತು. ಇನ್ನೂ ಮುಂದೆ ಹೋದವರೂ ಇದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕ್ಷಯರೋಗಿಗಳ ರಕ್ತದ ಬಿಳಿಯ ಕಣಗಳಲ್ಲಿ ಜೀನುಗಳ ಚಟುವಟಿಕೆಗೆ ತನ್ನದೇ ಒಂದು ಛಾಪಿದೆಯೆಂದು ತೋರಿಸಿತು. ದಕ್ಷಿಣ ಆಫ್ರಿಕೆಯ ಹರೆಯದವರ ರಕ್ತವನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ರೋಗ ತೋರುವುದಕ್ಕೆ ತಿಂಗಳುಗಳ ಮೊದಲೇ 16 ಜೀನುಗಳ ಗುರುತು ಕಾಣಬಹುದೆಂದು ಹೇಳಿತು. ಎಚ್.ಐ.ವಿ.ಯೇ ಆ ಜೀನುಗಳಲ್ಲಿ ಕೆಲವನ್ನು ಕೆರಳಿಸುವುದರಿಂದ ಯಾರಿಗೆ ಈ ಪರೀಕ್ಷೆ ಹೆಚ್ಚು ಬೇಕೋ ಅವರಲ್ಲಿಯೇ ಅದರ ಓದು ಕಷ್ಟವಾಗುತ್ತದೆ.

ಜ್ವರಗಡ್ಡೆ ಮತ್ತು ಸಿ.ಆರ್.ಪಿ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂರು ಮಾತು ನನಗೆ ಸ್ಪಷ್ಟವಾಗುತ್ತವೆ. ಮೊದಲನೆಯದು, ಅಗ್ಗದ ಗುರುತನ್ನು ಹೀನೈಸಬಾರದು. ಒಂದು ಹಸ್ತ ಹಳ್ಳಿಯ ಆರೋಗ್ಯವನ್ನು ಅಳೆದಿತ್ತು. ಒಂದು ಹನಿ ರಕ್ತವೂ ಅಳೆದೀತು. ಎರಡನೆಯದು, ಗುರುತನ್ನು ತೀರ್ಪೆಂದು ತಿಳಿಯಬಾರದು. 2012ರ ನಿಷೇಧದ ಹಿಂದಿನ ನೋವು ಆ ತಪ್ಪಿನದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಗಡ್ಡೆ ನೋಡುವಾಗ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಬಹುದಾಗಿತ್ತು. ಚಳಿಜ್ವರ ಊರಿಗೆಲ್ಲ ಒಂದೇ, ಅದರಲ್ಲಿ ನಾಚಿಕೆಯಿರಲಿಲ್ಲ. ಎಚ್.ಐ.ವಿ. ಉಳ್ಳವರನ್ನು ಸಾಲಿನಲ್ಲಿ ನಿಲ್ಲಿಸಲಾಗದು. ಒಬ್ಬರ ಮನೆಯ ಮದುವೆ ಇನ್ನೊಬ್ಬರ ಮನೆಯ ಮಾತಾಗುವ ಸಣ್ಣ ಊರುಗಳಲ್ಲಿ ಗುಟ್ಟು ಉಳಿಯಲೆಂದು ಘಟ್ಟವಿಳಿದು ದೂರದ ಊರಿನ ಆಸ್ಪತ್ರೆಗೆ ಹೋಗುವವರಿರುತ್ತಾರೆ. ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಹತ್ತಿದವನಿಗೆ ಇನ್ನೊಂದು ಪರೀಕ್ಷೆಗೆ ಮುಂದಿನ ವಾರ ಬಾ ಎಂದರೆ ಒಂದು ದಿನದ ಕೂಲಿ ಹೋಯಿತು, ನೆರೆಯವರಿಗೆ ಹೇಳಬೇಕಾದ ಇನ್ನೊಂದು ಸುಳ್ಳು ಹುಟ್ಟಿತು. 2004ರ ಏಪ್ರಿಲ್‌ನಿಂದ ದೇಶದಲ್ಲಿ ಎಚ್.ಐ.ವಿ.ಯ ಔಷಧ ಉಚಿತವಾಗಿ ದೊರೆಯತೊಡಗಿತು. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟನ್ನು ಬಿಟ್ಟುಕೊಡಬಾರದು ಎಂಬ ಕಾನೂನು 2017ರಲ್ಲಿ ಬಂದು 2018ರಲ್ಲಿ ಜಾರಿಯಾಯಿತು. ಔಷಧವೂ ಕಾನೂನೂ ಇದ್ದ ಮೇಲೆ ಉಳಿದಿರುವುದು ದಾರಿ. ಬೆರಳು ಚುಚ್ಚಿದ ದಿನವೇ, ಅದೇ ಚಾವಡಿಯಲ್ಲಿ, ಅಂಕೆ ಹೆಚ್ಚಿದವರಿಗೆ ಮುಂದಿನ ಪರೀಕ್ಷೆ ಆಗಬೇಕು. ಅಂಕೆ ಕಡಿಮೆಯಿದ್ದು ಬೇರೆ ಸಂದೇಹವಿಲ್ಲದವರಿಗೆ ಕ್ಷಯ ಬಾರದಂತೆ ತಡೆಯುವ ಮಾತ್ರೆ ಅಂದೇ ಸಿಗಬೇಕು. ಹಾಗಾದರೆ ಒಂದು ಹನಿಯಿಂದ ಇಬ್ಬರಿಗೂ ಲಾಭ.

ತುಮಕೂರಿನ ರೋಗಿಗಳು ಆಸ್ಪತ್ರೆಯ ಬಾಗಿಲಿಗೆ ಬಂದೂ ಕೆಮ್ಮಿನ ಔಷಧ ಹಿಡಿದು ಮರಳಿದರು. ಮಲೇರಿಯಾದ ಗಾಜಿನ ಪಟ್ಟಿಗಳು ಪ್ರಯೋಗಾಲಯಕ್ಕೆ ಬಂದೂ ಓದುವವರಿಲ್ಲದೆ ರಾಶಿ ಬಿದ್ದವು. ಎರಡೂ ಕಡೆ ಜನರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರು. ಈ ಬಾರಿ ಅವರು ಬೆರಳನ್ನು ಮುಂದೆ ಚಾಚಿದಾಗ ಆ ಹನಿಯನ್ನು ಓದಿ ಉತ್ತರ ಹೇಳುವವರು ಅಲ್ಲಿಯೇ ಇರಬೇಕು.